ಮುಟ್ಟದೆ ಉಸಿರೆಣಿಸುವ ರಾಡಾರ್: ಪ್ರತಿಧ್ವನಿಯ ಪಾಠಕ್ಕೆ ಇನ್ನೊಂದು ಉದಾಹರಣೆ

ಒಂಬತ್ತನೆಯ ತರಗತಿಯ ಪ್ರತಿಧ್ವನಿಯ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ತರುವ ಉದಾಹರಣೆಗಳು ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿವೆ: ವಿಜಯಪುರದ ಗೋಲಗುಂಬಜ್, ಬಾವಲಿ, ಸಮುದ್ರದ ಆಳ ಅಳೆಯುವ ಸೋನಾರ್. ಮೂರೂ ಒಳ್ಳೆಯವೇ. ಆದರೆ ಬೋಧನಾಭ್ಯಾಸಕ್ಕೆ ನಾವು ಹೋಗುವ ಕೋಗಿಲಿನ ಪ್ರೌಢಶಾಲೆಯ ಮಕ್ಕಳಲ್ಲಿ ಗೋಲಗುಂಬಜ್ ನೋಡಿದವರು ಕಡಿಮೆ, ಸಮುದ್ರ ನೋಡಿದವರು ಇನ್ನೂ ಕಡಿಮೆ. ಅವರು ದಿನವೂ ನೋಡುವುದು ತಲೆಯ ಮೇಲೆ ಹಾರುವ ವಿಮಾನಗಳನ್ನು. ಯಲಹಂಕದ ವಾಯುನೆಲೆ ಹತ್ತಿರದಲ್ಲೇ ಇದೆ. ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ದೇವನಹಳ್ಳಿಯ ವಿಮಾನ ನಿಲ್ದಾಣ. ಏರೋ ಇಂಡಿಯಾ ನಡೆಯುವ ವಾರದಲ್ಲಂತೂ ಕಿಟಕಿಯ ಪಕ್ಕ ಕೂತ ಮಕ್ಕಳಿಗೆ ಪಾಠ ಹೇಳುವುದೇ ಕಷ್ಟ. ಜಾಲಹಳ್ಳಿಯಲ್ಲಿ 1954ರಿಂದ ಇರುವ ಬಿಇಎಲ್ ಕಾರ್ಖಾನೆ ರಾಡಾರ್ ತಯಾರಿಸುತ್ತದೆ. ಹಾಗಾಗಿ ರಾಡಾರ್ ಎಂಬ ಪದವನ್ನು ಈ ಮಕ್ಕಳಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ವಿಮಾನ ಎಲ್ಲಿದೆ ಎಂದು ಹೇಳುವ ಯಂತ್ರ ಅದು ಎಂದು ಅವರೇ ಹೇಳುತ್ತಾರೆ.

ಅದೇ ತತ್ತ್ವದ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಇನ್ನೊಂದು ರಾಡಾರ್ ಇದೆ. ಅದನ್ನು ಹಾಸಿಗೆಯ ಪಕ್ಕದ ಮೇಜಿನ ಮೇಲೆ ಇಟ್ಟರೆ, ಮಲಗಿದವರನ್ನು ಮುಟ್ಟದೆ, ಹೊದಿಕೆ ಸರಿಸದೆ ಅವರ ಉಸಿರಾಟವನ್ನು ಎಣಿಸುತ್ತದೆ. ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವವರನ್ನು ಮೊದಲ ಹಂತದಲ್ಲಿ ಗುರುತಿಸಲು ಇದನ್ನು ಬಳಸುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಈ ವಿಷಯವನ್ನು ಎರಡು ಅವಧಿಗಳ ಪಾಠವನ್ನಾಗಿ ಮಾಡುವುದು ಹೇಗೆಂದು ಪ್ರಶಿಕ್ಷಣಾರ್ಥಿಗಳೊಂದಿಗೆ ಕೂತು ಯೋಚಿಸಿದೆವು. ಆ ಪಾಠದಲ್ಲಿ ಶಿಕ್ಷಕರಿಗೆ ತಿಳಿದಿರಬೇಕಾದ ಸಂಗತಿಗಳನ್ನೂ, ತರಗತಿಯಲ್ಲಿ ಎದುರಾದ ಪ್ರಶ್ನೆಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆ ಯಾವುದು

ನಾವು ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಗಾಳಿಯ ದಾರಿಯನ್ನು ತೆರೆದಿಡುತ್ತವೆ. ನಿದ್ರೆ ಬಂದಾಗ ಅವು ಸಡಿಲವಾಗುತ್ತವೆ. ದಾರಿ ಸ್ವಲ್ಪ ಕಿರಿದಾದರೆ ಅಲ್ಲಿನ ಮೃದು ಭಾಗಗಳು ಗಾಳಿಗೆ ಅದುರಿ ಗೊರಕೆಯಾಗುತ್ತದೆ. ಪೂರ್ತಿ ಮುಚ್ಚಿಕೊಂಡರೆ ಗಾಳಿಯೇ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆಕ್ಷಣ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಮಾಡುತ್ತದೆ, ದೊಡ್ಡದೊಂದು ಉಸಿರಿನೊಂದಿಗೆ ದಾರಿ ತೆರೆದುಕೊಳ್ಳುತ್ತದೆ. ಮತ್ತೆ ನಿದ್ರೆ, ಮತ್ತೆ ಸಡಿಲ, ಮತ್ತೆ ಮುಚ್ಚುವಿಕೆ. ಇದೆಲ್ಲ ನಡೆದದ್ದು ಮಲಗಿದವರಿಗೆ ಬೆಳಿಗ್ಗೆ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಗೊತ್ತು. ಇದನ್ನೇ ವೈದ್ಯರು ಅಡಚಣೆಯ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಕನ್ನಡದಲ್ಲಿ ನಿದ್ರೆಯ ಉಸಿರುಕಟ್ಟು ಎಂದರೆ ಸಾಕು, ಮಕ್ಕಳಿಗೆ ಅರ್ಥವಾಗುತ್ತದೆ.

ವಯಸ್ಕರಲ್ಲಿ ಗಾಳಿಯ ಹರಿವು ಹತ್ತು ಸೆಕೆಂಡು ಅಥವಾ ಹೆಚ್ಚು ಕಾಲ ಬಹುತೇಕ ನಿಂತರೆ ಅದನ್ನು ಒಂದು ಉಸಿರುಕಟ್ಟು ಎಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ತೀರ ಕಡಿಮೆಯಾಗಿ, ಜೊತೆಗೆ ಆಮ್ಲಜನಕವೂ ಇಳಿದರೆ ಅದಕ್ಕೂ ಒಂದು ಲೆಕ್ಕ. ಇಂಥವು ನಿದ್ರೆಯ ಒಂದು ಗಂಟೆಗೆ ಸರಾಸರಿ ಐದಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ. ಅಂಥವರು ಎಂಟು ಗಂಟೆ ಮಲಗಿ ಎದ್ದರೂ ನಿದ್ರೆ ಮಾಡಿದಂತಾಗುವುದಿಲ್ಲ. ಹಗಲು ಕೂತಲ್ಲೇ ತೂಕಡಿಕೆ, ಬೆಳಗಿನ ತಲೆನೋವು, ಮರೆವು, ರಕ್ತದ ಒತ್ತಡ. ವಾಹನ ಓಡಿಸುವವರಾದರೆ ಅಪಾಯ ಅವರೊಬ್ಬರದಷ್ಟೇ ಅಲ್ಲ. ನಮ್ಮ ಮಕ್ಕಳಲ್ಲಿ ಎಷ್ಟು ಜನರ ತಂದೆಯರು ವಿಮಾನ ನಿಲ್ದಾಣದ ದಾರಿಯಲ್ಲಿ ರಾತ್ರಿಯಿಡೀ ಕ್ಯಾಬ್ ಓಡಿಸುತ್ತಾರೆ ಎಂಬುದು ಹಾಜರಿ ಪುಸ್ತಕ ನೋಡಿದರೆ ತಿಳಿಯುವುದಿಲ್ಲ, ಮಕ್ಕಳ ಜೊತೆ ಮಾತಾಡಿದರೆ ತಿಳಿಯುತ್ತದೆ.

ಈ ತೊಂದರೆ ಅಪರೂಪದ್ದಲ್ಲ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ದೆಹಲಿಯ ಏಮ್ಸ್‌ನ ವೈದ್ಯರು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಸುಮಾರು 11% ಜನರಿಗೆ ಇದು ಇದೆ. ದುಡಿಯುವ ವಯಸ್ಸಿನ 10 ಕೋಟಿಗೂ ಹೆಚ್ಚು ಜನ. ಇವರಲ್ಲಿ ಬಹುಪಾಲು ಜನರಿಗೆ ತಮಗಿದು ಇದೆಯೆಂದೇ ಗೊತ್ತಿಲ್ಲ. ಗೊರಕೆಯನ್ನು ನಾವು ಒಳ್ಳೆಯ ನಿದ್ರೆಯ ಗುರುತೆಂದೇ ತಿಳಿದುಕೊಂಡು ಬಂದವರು. ಯಕ್ಷಗಾನದಲ್ಲಿ, ಹರಿಕಥೆಯಲ್ಲಿ ಕುಂಭಕರ್ಣ ಗೊರಕೆ ಹೊಡೆದರೆ ಸಭೆ ನಗುತ್ತದೆ.

ಪತ್ತೆ ಮಾಡುವ ಸರಿಯಾದ ವಿಧಾನಕ್ಕೆ ಪಾಲಿಸಾಮ್ನೋಗ್ರಫಿ ಎಂದು ಹೆಸರು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಎದೆಗೆ, ಕಾಲಿಗೆ ತಂತಿಗಳು. ಮೂಗಿನ ಬಳಿ ಗಾಳಿಯ ಹರಿವು ಅಳೆಯುವ ನಳಿಕೆ. ಎದೆ ಮತ್ತು ಹೊಟ್ಟೆಗೆ ಒಂದೊಂದು ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ಇಷ್ಟನ್ನು ಕಟ್ಟಿಕೊಂಡು ನಿದ್ರೆ ಮಾಡಿ ಎಂದರೆ ಯಾರಿಗೆ ನಿದ್ರೆ ಬಂದೀತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಇದಕ್ಕಾಗಿ ಪ್ರಯೋಗಾಲಯಗಳಿವೆ. ಆದರೆ ಹಾಸಿಗೆಗಳ ಸಂಖ್ಯೆಯನ್ನೂ 10 ಕೋಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಯಾರನ್ನು ಮೊದಲು ಕಳುಹಿಸಬೇಕು ಎಂದು ಆರಿಸುವ ಸುಲಭದ ದಾರಿ ಏಕೆ ಬೇಕೆಂದು ಹೇಳಬೇಕಾಗುವುದಿಲ್ಲ. ಆ ಆರಿಸುವಿಕೆಗೇ ಸ್ಕ್ರೀನಿಂಗ್ ಎನ್ನುವುದು. ಅಕ್ಕಿಯನ್ನು ಜರಡಿ ಹಿಡಿಯುವ ಹಾಗೆ. ಜರಡಿಯ ಮೇಲೆ ಉಳಿದದ್ದೆಲ್ಲ ಕಲ್ಲಲ್ಲ, ನೋಡಿ ಆರಿಸಬೇಕಾದದ್ದು ಅಷ್ಟೆ.

ಸಮಯ ಅಳೆದರೆ ಸಾಲದು

ಇಲ್ಲಿಂದ ಭೌತವಿಜ್ಞಾನ ಶುರು. ಪಾಠದ ಹೃದಯ ಇದೇ ಭಾಗ, ಅವಸರ ಮಾಡಬಾರದು.

ಪ್ರತಿಧ್ವನಿಯಲ್ಲಿ ಮಕ್ಕಳು ಕಲಿತಿರುವುದು ಇಷ್ಟು: ತರಂಗ ಹೋಗಿ ಬರಲು ತೆಗೆದುಕೊಂಡ ಸಮಯವನ್ನು ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದೂರ. ಶಬ್ದದ ಬದಲು ರೇಡಿಯೊ ತರಂಗ ಹಾಕಿ, ವೇಗವನ್ನು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಎಂದು ಬರೆಯಿರಿ. 30 ಕಿಲೋಮೀಟರ್ ದೂರದ ವಿಮಾನದಿಂದ ತರಂಗ ಮರಳಲು ಸೆಕೆಂಡಿನ ಹತ್ತು ಸಾವಿರ ಭಾಗದಲ್ಲಿ ಎರಡು ಭಾಗ ಸಾಕು. ಇದನ್ನು ಅಳೆಯುವುದು ಎಲೆಕ್ಟ್ರಾನಿಕ್ಸ್‌ಗೆ ಕಷ್ಟವಲ್ಲ. ಈಗ ಒಂದೂವರೆ ಮೀಟರ್ ದೂರದಲ್ಲಿ ಮಲಗಿರುವ ತಾತನ ಎದೆ ಒಂದು ಮಿಲಿಮೀಟರ್ ಮೇಲೆದ್ದಿತು ಎಂದುಕೊಳ್ಳಿ. ತರಂಗದ ಹೋಗಿಬರುವ ದಾರಿಯಲ್ಲಿ ಎರಡು ಮಿಲಿಮೀಟರ್ ಕಡಿಮೆಯಾಯಿತು. ಸಮಯದಲ್ಲಿ ಎಷ್ಟು ವ್ಯತ್ಯಾಸ? ಮಕ್ಕಳಿಂದಲೇ ಲೆಕ್ಕ ಮಾಡಿಸಿ. ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಏಳು ಭಾಗ ಕೂಡ ಬರುವುದಿಲ್ಲ. ಕರಿಹಲಗೆಯ ಮೇಲೆ ಸೊನ್ನೆಗಳನ್ನು ಬರೆಯುತ್ತಾ ಹೋದಾಗ ತರಗತಿಗೆ ತಾನಾಗಿಯೇ ತಿಳಿಯುತ್ತದೆ: ಅಗ್ಗದ, ಪುಟ್ಟ ಯಂತ್ರದಲ್ಲಿ ಈ ದಾರಿ ಆಗುವ ಮಾತಲ್ಲ.

ಹಾಗಾದರೆ ಇನ್ನೇನು ಮಾಡಬಹುದು? ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಇಲ್ಲಿ ಗಡಿಯಾರದ ಮುಳ್ಳನ್ನು ತಂದರು. ನನಗೆ ತಿಳಿದಂತೆ ಈ ಹಂತಕ್ಕೆ ಇದಕ್ಕಿಂತ ಸರಳವಾದ ವಿವರಣೆ ಇಲ್ಲ. ಈ ರಾಡಾರ್‌ಗಳಲ್ಲಿ ಹಲವು ಬಳಸುವ ಆವೃತ್ತಿ 60 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 6,000 ಕೋಟಿ ಕಂಪನ. ತರಂಗದೂರ 5 ಮಿಲಿಮೀಟರ್. ಮರಳಿ ಬಂದ ತರಂಗ ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬುದನ್ನು ಪ್ರಾವಸ್ಥೆ ಎನ್ನುತ್ತೇವೆ. ಅದನ್ನು ಗಡಿಯಾರದ ನಿಮಿಷದ ಮುಳ್ಳೆಂದು ಭಾವಿಸಿ. ದಾರಿ ಒಂದು ತರಂಗದೂರದಷ್ಟು ಬದಲಾದರೆ ಮುಳ್ಳು ಒಂದು ಪೂರ್ಣ ಸುತ್ತು ತಿರುಗುತ್ತದೆ. ಹೋಗುವಾಗಲೂ ಬರುವಾಗಲೂ ದೂರ ಬದಲಾಗುವುದರಿಂದ, ಎದೆ 2.5 ಮಿಲಿಮೀಟರ್ ಸರಿದರೇ ಒಂದು ಸುತ್ತು. ಉಸಿರೆಳೆದಾಗ ಎದೆ 5 ಮಿಲಿಮೀಟರ್ ಏರಿದರೆ ಮುಳ್ಳು ಎರಡು ಸುತ್ತು ಮುಂದೆ, ಉಸಿರು ಬಿಟ್ಟಾಗ ಎರಡು ಸುತ್ತು ಹಿಂದೆ. ಹೃದಯದ ಬಡಿತದಿಂದ ಚರ್ಮ ಕಾಲು ಮಿಲಿಮೀಟರ್ ಅದುರಿದರೂ ಮುಳ್ಳು ಸುತ್ತಿನ ಹತ್ತನೆಯ ಒಂದು ಭಾಗ, ಅಂದರೆ ಆರು ನಿಮಿಷದ ಗೆರೆಗಳಷ್ಟು ಅಲುಗುತ್ತದೆ. ಸೆಕೆಂಡಿನ ಅಷ್ಟು ಸಣ್ಣ ಚೂರನ್ನು ಅಳೆಯುವ ಬದಲು ಮುಳ್ಳು ಎಷ್ಟು ತಿರುಗಿತೆಂದು ನೋಡಿದರೆ ಸಾಕು. ಇಡೀ ತಂತ್ರ ನಿಂತಿರುವುದು ಇದರ ಮೇಲೆ.

ಬರಿಯ ಕಲ್ಪನೆಯಲ್ಲಿ ನಿಲ್ಲಬಾರದೆಂದು ಒಂದು ಸಣ್ಣ ಪ್ರದರ್ಶನ ಮಾಡಿದೆವು. ಎರಡು ಮೇಜು ಸೇರಿಸಿ ಒಬ್ಬ ಹುಡುಗನನ್ನು ಮಲಗಿಸಿ, ಹೊಟ್ಟೆಯ ಮೇಲೆ ತೆಳು ನೋಟ್‌ಪುಸ್ತಕ, ಅದರ ಮೇಲೆ ಬೆರಳಗಲದ ಕನ್ನಡಿ ಚೂರು. ಟಾರ್ಚಿನ ಮುಂದೆ ರಂಧ್ರವಿರುವ ರಟ್ಟು ಹಿಡಿದು ಕನ್ನಡಿಗೆ ಬೆಳಕು ಬೀಳಿಸಿದರೆ ಚಾವಣಿಯ ಮೇಲಿನ ಬೆಳಕಿನ ಚುಕ್ಕೆ ಪ್ರತಿ ಉಸಿರಿಗೂ ಹಿಂದೆಮುಂದೆ ಓಡಾಡುತ್ತದೆ. ಹೊಟ್ಟೆಯ ಚಲನೆ ಕಣ್ಣಿಗೆ ಕಾಣದಷ್ಟಿದ್ದರೂ ಚುಕ್ಕೆ ಗೇಣುದ್ದ ಸರಿಯುತ್ತದೆ. ಲೇಸರ್ ಬೇಡ, ಕಣ್ಣಿಗೆ ಅಪಾಯ. ಕನ್ನಡಿಯ ಅಂಚಿಗೆ ಟೇಪು ಸುತ್ತಿರಬೇಕು. ಕನ್ನಡಿ ಮೈಮೇಲೇ ಇರುವುದರಿಂದ ಇದನ್ನು ಸ್ಪರ್ಶರಹಿತ ಎನ್ನುವಂತಿಲ್ಲ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಆಕ್ಷೇಪಿಸಿದಳು. ಸರಿಯಾದ ಆಕ್ಷೇಪವೇ. ಇಲ್ಲಿ ದೊಡ್ಡದಾದದ್ದು ಕೋನದಿಂದ, ರಾಡಾರ್‌ನಲ್ಲಿ ತರಂಗದೂರ ಚಿಕ್ಕದಾಗಿರುವುದರಿಂದ. ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನೂ ಹೇಳುವುದು ಪಾಠದ ಭಾಗ.

ಆಮೇಲೆ ಪ್ರಶ್ನೆಗಳು. "ಮಿಸ್, ಫ್ಯಾನ್ ಕೂಡ ತಿರುಗ್ತಾ ಇರುತ್ತಲ್ಲ, ಅದನ್ನೂ ಉಸಿರು ಅಂತ ಎಣಿಸಿಬಿಡಲ್ವಾ?" ಇದಕ್ಕೆ ಉತ್ತರ ಆವೃತ್ತಿಯಲ್ಲಿದೆ. ವಿಶ್ರಾಂತಿಯಲ್ಲಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ ಮೂರು ರೆಕ್ಕೆಗಳಿಂದ ನಿಮಿಷಕ್ಕೆ 900 ಏಟು. ತಂಬೂರಿಯ ಶ್ರುತಿಯಿಂದ ಮೃದಂಗದ ಪೆಟ್ಟನ್ನು ನಮ್ಮ ಕಿವಿ ಬೇರ್ಪಡಿಸುವ ಹಾಗೆ ಗಣಕ ಇವನ್ನು ಬೇರ್ಪಡಿಸುತ್ತದೆ. ಉಸಿರು ಮತ್ತು ಹೃದಯವನ್ನು ಬೇರ್ಪಡಿಸುವುದು ಅಷ್ಟು ಸುಲಭವಲ್ಲ. ನಿಮಿಷಕ್ಕೆ 15ರ ಉಸಿರಿನ ನಾಲ್ಕನೆಯ ಸ್ವರಾಂಶ 60ಕ್ಕೆ ಬಂದು ಕೂರುತ್ತದೆ, ಹೃದಯವೂ ಅಲ್ಲೇ ಇರಬಹುದು.

"ಎರಡು ಜನ ಮಲಗಿದ್ರೆ?" ಎಂಬುದು ಇನ್ನೊಂದು ಪ್ರಶ್ನೆ. ಒಂದೇ ಕೋಣೆಯಲ್ಲಿ ಐದು ಜನ ಸಾಲಾಗಿ ಚಾಪೆ ಹಾಸಿ ಮಲಗುವ ಮನೆಯ ಮಗುವಿಗೆ ಇದು ಸಹಜ ಪ್ರಶ್ನೆ. ಬಹುತೇಕ ಯಂತ್ರಗಳನ್ನು ಒಬ್ಬರು ಒಂದು ಮಂಚದ ಮೇಲೆ ಮಲಗುವ ಮನೆಗಳನ್ನು ನೆನೆದುಕೊಂಡೇ ಮಾಡಿದ್ದಾರೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಒಂದೇ ಆವೃತ್ತಿ ಕಳಿಸುವ ಬದಲು ಆವೃತ್ತಿಯನ್ನು ಏರಿಸುತ್ತಾ ಹೋಗುವ ರಾಡಾರ್‌ಗಳಿವೆ. 4 ಗಿಗಾಹರ್ಟ್ಸ್‌ನಷ್ಟು ಏರಿಸಿದರೆ, ಸುಮಾರು 4 ಸೆಂಟಿಮೀಟರ್ ಅಂತರದ ಎರಡು ವಸ್ತುಗಳನ್ನು ದೂರದ ಲೆಕ್ಕದಲ್ಲಿ ಬೇರೆಬೇರೆಯಾಗಿ ಕಾಣಬಹುದು. ಸಾಲಿನ ಒಂದು ತುದಿಯಲ್ಲಿ ಯಂತ್ರ ಇಟ್ಟರೆ ಹತ್ತಿರದವರು ದೂರದವರನ್ನು ಮರೆಮಾಡಬಹುದು. ಹತ್ತಿಯ ದುಪ್ಪಟಿ, ಕಂಬಳಿ, ಸೊಳ್ಳೆಪರದೆಗಳನ್ನು ಈ ತರಂಗಗಳು ದಾಟುತ್ತವೆ. ಲೋಹವನ್ನು ದಾಟಲಾರವು, ಒದ್ದೆ ಬಟ್ಟೆಯಲ್ಲಿ ಬಹುಪಾಲು ಹೀರಿಹೋಗುತ್ತವೆ.

ಅಪಾಯವಿಲ್ಲವೇ ಎಂಬ ಪ್ರಶ್ನೆ ಮಕ್ಕಳಿಗಿಂತ ಪೋಷಕರಿಂದ ಬರುತ್ತದೆ. ಕಳಿಸುವ ಶಕ್ತಿ ಕೆಲವು ಮಿಲಿವ್ಯಾಟ್‌ಗಳ ಮಟ್ಟದ್ದು. ಎಕ್ಸ್‌ರೇಯಂತೆ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಜಾತಿಯ ವಿಕಿರಣವಲ್ಲ. 60 ಗಿಗಾಹರ್ಟ್ಸ್ ತರಂಗ ಚರ್ಮದ ಒಂದು ಮಿಲಿಮೀಟರ್ ಒಳಗೂ ಇಳಿಯದೆ ನಿಂತುಬಿಡುತ್ತದೆ.

ಎಲ್ಲಿಂದ ಬಂತು

ಇದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ಸೂಕ್ಷ್ಮತರಂಗಗಳಿಂದ ಉಸಿರಾಟವನ್ನು ಮುಟ್ಟದೆ ಅಳೆಯಬಹುದೆಂದು ಅಮೆರಿಕದ ಜೇಮ್ಸ್ ಲಿನ್ 1975ರಲ್ಲೇ ತೋರಿಸಿದ್ದರು. ಆದರೆ ಆಗಿನ ಉಪಕರಣ ಮೇಜು ತುಂಬುವಂಥದ್ದು. ಅದನ್ನು ಚಿಪ್ಪಿನೊಳಗೆ ಇಳಿಸಲು ಕಾರುಗಳ ಡಿಕ್ಕಿ ತಪ್ಪಿಸುವ ರಾಡಾರ್‌ಗಳ ಮಾರುಕಟ್ಟೆ ಬೆಳೆಯಬೇಕಾಯಿತು. 2015ರ ನೇಪಾಳದ ಭೂಕಂಪದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ ರೂಪಿಸಿದ ಫೈಂಡರ್ ಎಂಬ ಪೆಟ್ಟಿಗೆ, ಚೌತಾರಾ ಎಂಬ ಊರಿನಲ್ಲಿ ಇಟ್ಟಿಗೆ ಮಣ್ಣಿನ ರಾಶಿಯ ಕೆಳಗೆ ಸಿಕ್ಕಿದ್ದ ನಾಲ್ವರನ್ನು ಅವರ ಹೃದಯ ಬಡಿತದಿಂದ ಪತ್ತೆಹಚ್ಚಿತು. ಈ ಪ್ರಸಂಗ ಹೇಳುವಾಗ ತರಗತಿ ನಿಶ್ಶಬ್ದವಾಗುತ್ತದೆ, ಪಾಠದ ಆರಂಭಕ್ಕೆ ಇದನ್ನೇ ಬಳಸಬಹುದು.

ನಿದ್ರೆಗೆ ಸಂಬಂಧಿಸಿದಂತೆ ಡಬ್ಲಿನ್‌ನ ಬಿಯಾಂಕಾಮೆಡ್ ಎಂಬ ಚಿಕ್ಕ ಕಂಪನಿ ಹಾಸಿಗೆ ಪಕ್ಕದ ರೇಡಿಯೊ ಸಂವೇದಕ ತಯಾರಿಸಿತು. ಅದನ್ನು 2011ರಲ್ಲಿ ರೆಸ್‌ಮೆಡ್ ಕೊಂಡಿತು. 2021ರಲ್ಲಿ ಗೂಗಲ್ ತನ್ನ ನೆಸ್ಟ್ ಹಬ್ ಎಂಬ ಮೇಜಿನ ಪರದೆಯಲ್ಲಿ ಸೋಲಿ ಎಂಬ 60 ಗಿಗಾಹರ್ಟ್ಸ್ ರಾಡಾರ್ ಹಾಕಿ ನಿದ್ರೆಯ ದಾಖಲೆ ಕೊಡಲಾರಂಭಿಸಿತು, ರೋಗ ಪತ್ತೆಗಾಗಿ ಅಲ್ಲ ಎಂಬ ಸೂಚನೆಯೊಂದಿಗೆ. ಅದೇ ಸೋಲಿ ಇದ್ದ ಪಿಕ್ಸೆಲ್ 4 ಫೋನು 2019ರಲ್ಲಿ ಭಾರತಕ್ಕೆ ಬರಲೇ ಇಲ್ಲ. 60 ಗಿಗಾಹರ್ಟ್ಸ್ ಪಟ್ಟಿಯ ಬಳಕೆಗೆ ಇಲ್ಲಿ ಅನುಮತಿ ಸಿಗದಿದ್ದದ್ದು ಕಾರಣವೆಂದು ಆಗ ಪತ್ರಿಕೆಗಳು ಬರೆದವು. ಗಾಳಿಯಲ್ಲಿ ಹರಿಯುವ ಆವೃತ್ತಿಗಳಿಗೂ ಸರ್ಕಾರದ ಪರವಾನಗಿ ಬೇಕೆಂಬುದು ಮಕ್ಕಳಿಗೆ ವಿಚಿತ್ರವೆನಿಸುತ್ತದೆ. ಸಮಾಜವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಬೇಕಾದರೆ ಈ ಎಳೆ ಹಿಡಿದು ಹೋಗಬಹುದು.

ಬೆಂಗಳೂರಿನಲ್ಲಿಯೇ 2015ರಲ್ಲಿ ಶುರುವಾದ ಡೋಜೀ ಕೂಡ ಮೈಗೆ ತಂತಿ ಹಚ್ಚದೆ ಉಸಿರು, ಹೃದಯ ಬಡಿತ ಅಳೆಯುತ್ತದೆ. ಆದರೆ ಅದು ರಾಡಾರ್ ಅಲ್ಲ. ಹಾಸಿಗೆಯ ಕೆಳಗಿಡುವ ಹಾಳೆ ದೇಹದ ಸೂಕ್ಷ್ಮ ಅದುರುವಿಕೆಯನ್ನು ಹಿಡಿಯುತ್ತದೆ. ಎರಡನ್ನೂ ಒಂದೇ ಎಂದು ಪಾಠಯೋಜನೆಯಲ್ಲಿ ಬರೆಯಬಾರದು. ಒಂದರಲ್ಲಿ ತರಂಗದ ಪ್ರತಿಫಲನ, ಇನ್ನೊಂದರಲ್ಲಿ ಒತ್ತಡ ಮತ್ತು ಕಂಪನ, ಬೇರೆಬೇರೆ ಅಧ್ಯಾಯಗಳು.

ಯಂತ್ರ ಕಾಣುವುದು ಎದೆಯನ್ನು, ಗಾಳಿಯನ್ನಲ್ಲ

ಪ್ರಶಿಕ್ಷಣಾರ್ಥಿಗಳು ಈ ಒಂದು ಅಂಶವನ್ನು ಬಿಟ್ಟರೆ ಪಾಠ ಜಾಹೀರಾತಾಗಿಬಿಡುತ್ತದೆ. ಅದಕ್ಕೇ ಎರಡನೆಯ ಅವಧಿಯ ಅರ್ಧವನ್ನು ಇದಕ್ಕೆ ಕೊಡಿಸುತ್ತೇನೆ.

ಕರಿಹಲಗೆಯ ಮೇಲೆ ಮೂರು ಜೋಡಿ ಗೆರೆಗಳನ್ನು ಎಳೆಯಬೇಕು. ಪ್ರತಿ ಜೋಡಿಯಲ್ಲಿ ಮೇಲಿನದು ಮೂಗಿನ ಗಾಳಿ, ಕೆಳಗಿನದು ಎದೆಯ ಚಲನೆ. ಮೊದಲ ಜೋಡಿ ಆರೋಗ್ಯವಂತರದು: ಎರಡೂ ಅಲೆ ಅಲೆಯಾಗಿ ಒಟ್ಟಿಗೆ ಸಾಗುತ್ತವೆ. ಎರಡನೆಯದರಲ್ಲಿ ಮಿದುಳಿನಿಂದಲೇ ಉಸಿರಾಡುವ ಆಜ್ಞೆ ಬಂದಿಲ್ಲ. ಗಾಳಿಯ ಗೆರೆ ಸಪಾಟು, ಎದೆಯ ಗೆರೆಯೂ ಸಪಾಟು. ಇದನ್ನು ಕೇಂದ್ರೀಯ ಉಸಿರುಕಟ್ಟು ಎನ್ನುತ್ತಾರೆ. ರಾಡಾರ್ ಇದನ್ನು ಸುಲಭವಾಗಿ ಹಿಡಿಯುತ್ತದೆ. ಮೂರನೆಯದು ನಾವು ಮೊದಲು ನೋಡಿದ ಅಡಚಣೆಯದು. ಗಂಟಲು ಮುಚ್ಚಿದೆ, ಗಾಳಿಯ ಗೆರೆ ಸಪಾಟು. ಆದರೆ ವಪೆ ಎಳೆಯುವುದನ್ನು ನಿಲ್ಲಿಸಿಲ್ಲ, ಎದೆ ಇನ್ನೂ ಅಲುಗುತ್ತಲೇ ಇದೆ. ಹೆಚ್ಚು ಜನರಿಗೆ ಇರುವುದು ಈ ಮೂರನೆಯದೇ. ಗಾಳಿ ಒಂದು ಚಮಚದಷ್ಟೂ ಒಳಗೆ ಹೋಗದಿದ್ದರೂ ಎದೆ ಅಲುಗುವುದನ್ನು ಕಂಡ ಯಂತ್ರ ಉಸಿರು ನಡೆಯುತ್ತಿದೆ ಎಂದು ತಿಳಿಯಬಹುದು.

ಈ ತೊಡಕಿಗೆ ಪರಿಹಾರ ಇಲ್ಲದಿಲ್ಲ. ದಾರಿ ಮುಚ್ಚಿದಾಗ ಚಲನೆಯ ಅಳತೆ ಕುಗ್ಗುತ್ತದೆ. ಎದೆ ಏರುವಾಗ ಹೊಟ್ಟೆ ಇಳಿಯುವಂಥ ತಿರುವುಮುರುವು ಕಾಣಿಸುತ್ತದೆ. ಕೊನೆಗೆ ದಾರಿ ತೆರೆದಾಗ ಬರುವ ದೊಡ್ಡ ಉಸಿರು, ಮೈ ಹೊರಳಾಟ ಸ್ಪಷ್ಟ ಗುರುತು. ಈ ಮಾದರಿಗಳನ್ನು ಗಣಕಕ್ಕೆ ಕಲಿಸುತ್ತಾರೆ. ಕಲಿಸುವುದು ಹೇಗೆಂದರೆ, ಅದೇ ರಾತ್ರಿ ಅದೇ ವ್ಯಕ್ತಿಗೆ ತಂತಿಗಳ ಪರೀಕ್ಷೆಯನ್ನೂ ಮಾಡಿಸಿ ಎರಡನ್ನೂ ಹೋಲಿಸಿ. ಅಂದರೆ ಹೊಸ ಯಂತ್ರದ ಗುರು ಹಳೆಯ ತಂತಿಗಳೇ. ಆಮ್ಲಜನಕ ಎಷ್ಟು ಇಳಿಯಿತೆಂಬುದು ರಾಡಾರ್‌ಗೆ ಕಾಣುವುದೇ ಇಲ್ಲ, ಅದಕ್ಕೆ ಬೆರಳಿನ ಆಕ್ಸಿಮೀಟರ್ ಬೇಕು. ವ್ಯಕ್ತಿ ನಿಜವಾಗಿ ನಿದ್ರೆಯಲ್ಲಿದ್ದಾನೋ ಸುಮ್ಮನೆ ಮಲಗಿದ್ದಾನೋ ಎಂಬುದನ್ನೂ ಮಿದುಳಿನ ಅಲೆ ನೋಡದೆ ಊಹೆಯಿಂದಲೇ ಹೇಳಬೇಕು. ಒಂದು ಉಪಕರಣ ಏನನ್ನು ಅಳೆಯುತ್ತದೆ, ಏನನ್ನು ಊಹಿಸುತ್ತದೆ: ಈ ಎರಡು ಕಂಬಸಾಲುಗಳನ್ನು ಮಕ್ಕಳಿಂದಲೇ ತುಂಬಿಸಿ. ತಾಪಮಾಪಕಕ್ಕೂ ತೂಕದ ಯಂತ್ರಕ್ಕೂ ಇದೇ ಅಭ್ಯಾಸ ಮಾಡಿಸಬಹುದು.

ಜರಡಿಯ ಲೆಕ್ಕಕ್ಕೆ ಕಾಳುಗಳು ಬೇಕು. 89 ಕಡಲೆಕಾಳು, 11 ಅವರೆಕಾಳು ಒಂದು ತಟ್ಟೆಯಲ್ಲಿ. ಅವರೆ ಕಾಯಿಲೆ ಇರುವವರು. ಕಾಯಿಲೆ ಇರುವ 100ರಲ್ಲಿ 90 ಜನರನ್ನು ಯಂತ್ರ ಹಿಡಿಯುತ್ತದೆ, ಇಲ್ಲದ 100ರಲ್ಲಿ 80 ಜನರನ್ನು ಸರಿಯಾಗಿ ಬಿಡುತ್ತದೆ ಎಂದಿಟ್ಟುಕೊಳ್ಳೋಣ. ಇವು ಲೆಕ್ಕಕ್ಕಾಗಿ ನಾನು ಹಿಡಿದ ಅಂಕಿಗಳು, ಯಾವ ಯಂತ್ರದವೂ ಅಲ್ಲ. ಆಗ 10 ಅವರೆ ಪಕ್ಕಕ್ಕೆ ಬರುತ್ತವೆ, ಒಂದು ತಪ್ಪಿಸಿಕೊಳ್ಳುತ್ತದೆ. ಜೊತೆಗೆ ಸುಮಾರು 18 ಕಡಲೆಯೂ ಬರುತ್ತದೆ. ಯಂತ್ರ ಬೆರಳು ತೋರಿಸಿದ 28 ಜನರಲ್ಲಿ ನಿಜವಾಗಿ ಕಾಯಿಲೆ ಇರುವವರು 10. "ಅಷ್ಟು ಚೆನ್ನಾಗಿರೋ ಯಂತ್ರ ಅಂದ್ರಿ, ಅರ್ಧಕ್ಕಿಂತ ಜಾಸ್ತಿ ತಪ್ಪೇ ಹೇಳ್ತಲ್ಲ ಮಿಸ್" ಎಂದು ಮಕ್ಕಳು ದಂಗಾಗುತ್ತಾರೆ. ಆಗ ತಟ್ಟೆ ಬದಲಿಸಿ: ಜೋರು ಗೊರಕೆ, ಹಗಲು ತೂಕಡಿಕೆ ಎಂದು ವೈದ್ಯರ ಬಳಿ ತಾವೇ ಬಂದವರ ಗುಂಪಿನಲ್ಲಿ 50 ಅವರೆ, 50 ಕಡಲೆ. ಅದೇ ಯಂತ್ರ. ಈಗ 45 ಅವರೆ, 10 ಕಡಲೆ ಪಕ್ಕಕ್ಕೆ ಬಂದವು. 55ರಲ್ಲಿ 45 ಸರಿ. ಯಂತ್ರ ಬದಲಾಗಲಿಲ್ಲ, ತಟ್ಟೆ ಬದಲಾಯಿತು. ಸಂಭವನೀಯತೆಯ ಪಾಠಕ್ಕೆ ನಾಣ್ಯ, ದಾಳಗಳನ್ನು ಬಿಟ್ಟು ಬೇರೇನೂ ಸಿಗದೆಂದು ಗಣಿತದ ಪ್ರಶಿಕ್ಷಣಾರ್ಥಿಗಳು ದೂರುತ್ತಾರಲ್ಲ, ಇದನ್ನು ನೋಡಲಿ.

ತರಗತಿಯಲ್ಲಿ ತೂಕಡಿಸುವ ಮಗು

ಪಾಠದ ಮಧ್ಯೆ ಒಬ್ಬ ಹುಡುಗ ಎದ್ದು ನಿಂತು, "ನಮ್ಮಪ್ಪ ಗೊರಕೆ ಹೊಡೀತಾರೆ, ಅವರಿಗೂ ಇದೇನಾ ಮಿಸ್?" ಎಂದ. ಬೋಧಿಸುತ್ತಿದ್ದ ಪ್ರಶಿಕ್ಷಣಾರ್ಥಿ, ಗೊರಕೆ ಹೊಡೆಯುವವರೆಲ್ಲರಿಗೂ ಈ ಕಾಯಿಲೆ ಇರುವುದಿಲ್ಲ, ಆದರೆ ಗೊರಕೆ ನಡುವೆ ನಿಂತು, ಆಮೇಲೆ ಉಸಿರುಗಟ್ಟಿದಂತೆ ಎದ್ದರೆ, ಹಗಲು ತುಂಬ ನಿದ್ರೆ ಬರುತ್ತಿದ್ದರೆ ವೈದ್ಯರಿಗೆ ಹೇಳಬೇಕು, ಅದಕ್ಕೆ ಚಿಕಿತ್ಸೆ ಇದೆ ಎಂದರು. ವೀಕ್ಷಣಾ ಪುಸ್ತಕದಲ್ಲಿ ಆ ಉತ್ತರಕ್ಕೆ ನಾನು ಗೆರೆ ಎಳೆದಿದ್ದೇನೆ. ಹೆದರಿಸಲಿಲ್ಲ, ಏನೂ ಇಲ್ಲ ಎಂದು ತಳ್ಳಿಹಾಕಲೂ ಇಲ್ಲ, ತಾವೇ ರೋಗ ನಿರ್ಣಯಿಸಲೂ ಇಲ್ಲ. ಚಿಕಿತ್ಸೆಯ ವಿಷಯ ಬಂದರೆ ಹೇಳಲು ಒಂದು ಸಂಗತಿ: 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿ ಊದಿ ಗಂಟಲು ಮುಚ್ಚದಂತೆ ಮಾಡುವ ವಿಧಾನ ಪ್ರಕಟಿಸಿದರು. ಸೈಕಲ್ ಟ್ಯೂಬಿಗೆ ಗಾಳಿ ತುಂಬಿದರೆ ಅದು ಚಪ್ಪಟೆಯಾಗದೆ ನಿಲ್ಲುವ ಹಾಗೆ. ಸಿಪ್ಯಾಪ್ ಎಂಬ ಆ ಯಂತ್ರವೇ ಇಂದಿಗೂ ಮುಖ್ಯ ಚಿಕಿತ್ಸೆ.

ಪ್ರಾಥಮಿಕ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಇನ್ನೊಂದನ್ನು ತಿಳಿದಿರಬೇಕು. ಈ ತೊಂದರೆ ಮಕ್ಕಳಲ್ಲೂ ಇದೆ. ನೂರಕ್ಕೆ ಒಂದರಿಂದ ಐದು ಮಕ್ಕಳಲ್ಲಿ ಎಂಬುದು ವೈದ್ಯರ ಅಂದಾಜು. ಅವರಲ್ಲಿ ಸಾಮಾನ್ಯ ಕಾರಣ ದಪ್ಪಗಾದ ಟಾನ್ಸಿಲ್ ಮತ್ತು ಅಡಿನಾಯ್ಡ್. ದೊಡ್ಡವರಂತೆ ಅವರು ತೂಕಡಿಸಲೇಬೇಕೆಂದಿಲ್ಲ. ನಿದ್ರೆ ಕೆಟ್ಟ ಮಗು ಎಷ್ಟೋ ಬಾರಿ ಚಡಪಡಿಸುತ್ತದೆ, ಸಿಡುಕುತ್ತದೆ, ಹೇಳಿದ್ದು ಕೇಳುವುದಿಲ್ಲ. ನಮ್ಮ ಕಡತಗಳಲ್ಲಿ ಅದು "ಗಮನವಿಲ್ಲ", "ಸೋಮಾರಿ", "ಹಟಮಾರಿ" ಎಂದು ದಾಖಲಾಗುತ್ತದೆ. ಸದಾ ಬಾಯಿಯಿಂದ ಉಸಿರಾಡುವ, ಮೂಗು ಕಟ್ಟಿದ ದನಿಯ, ಬೆಳಿಗ್ಗೆ ತಲೆನೋವೆನ್ನುವ ಮಗುವಿನ ತಾಯಿಯನ್ನು ಕಂಡಾಗ "ಅಮ್ಮಾ, ರಾತ್ರಿ ಗೊರಕೆ ಹೊಡೀತಾನಾ? ಮಧ್ಯೆ ಉಸಿರು ನಿಂತ ಹಾಗೆ ಆಗುತ್ತಾ?" ಎಂದು ಕೇಳುವುದಕ್ಕೆ ಯಾವ ಯಂತ್ರವೂ ಬೇಡ. ಹೌದೆಂದರೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಲು ಹೇಳಿದರಾಯಿತು.

ಆದರೆ ಅತಿಯಾಗಿ ಭರವಸೆ ಕೊಡಬಾರದು. ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೇಗ ಟಾನ್ಸಿಲ್, ಅಡಿನಾಯ್ಡ್ ತೆಗೆಸಿದ ಮಕ್ಕಳಲ್ಲಿ 79% ಮಂದಿಯ ನಿದ್ರೆಯ ಉಸಿರಾಟ ಏಳು ತಿಂಗಳಲ್ಲಿ ಸಹಜವಾಯಿತು. ಕಾದು ನೋಡಿದ ಗುಂಪಿನಲ್ಲೂ 46% ಮಂದಿಗೆ ತಾನಾಗಿ ಸರಿಹೋಯಿತು. ನಡವಳಿಕೆ, ಜೀವನದ ಗುಣಮಟ್ಟ ಸುಧಾರಿಸಿತು. ಗಮನಶಕ್ತಿಯ ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇನ್ನು ರಾಡಾರ್ ವಿಷಯಕ್ಕೆ ಬಂದರೆ, ಮಕ್ಕಳಲ್ಲಿ ಗಂಟೆಗೆ ಒಂದಕ್ಕಿಂತ ಹೆಚ್ಚು ಉಸಿರುಕಟ್ಟಾದರೂ ವೈದ್ಯರು ಗಮನಿಸುತ್ತಾರೆ, ಎದೆ ಚಿಕ್ಕದು, ಉಸಿರು ವೇಗ. ದೊಡ್ಡವರ ಲೆಕ್ಕದಲ್ಲಿ ಪಳಗಿದ ಯಂತ್ರವನ್ನು ಹಾಗೇ ಮಗುವಿನ ಪಕ್ಕ ಇಟ್ಟು ಅದರ ಮಾತು ನಂಬುವಂತಿಲ್ಲ.

ಪಾಠಯೋಜನೆಯ ಬಗ್ಗೆ ಎರಡು ಮಾತು. ಎರಡು ಅವಧಿ ಸಾಕು, ಮೂರಾದರೆ ಹಗುರ. ಉಸಿರು ಬಿಗಿಹಿಡಿಯುವ ಸ್ಪರ್ಧೆ ಮಾಡಿಸಬೇಡಿ, ಗ್ರಾಫಿನಲ್ಲಿ ಬರೆಸಿದರೆ ಸಾಕು. ಗೃಹಪಾಠವಾಗಿ ನಾವು ಕೊಟ್ಟದ್ದು ಮನೆಯಲ್ಲಿ ಮಲಗಿರುವ ಒಬ್ಬರ ಉಸಿರನ್ನು ಒಂದು ನಿಮಿಷ ಎಣಿಸಿ ಬರೆಯುವುದು. ಎಣಿಸುತ್ತಿದ್ದೇವೆಂದು ತಿಳಿದರೆ ಉಸಿರಿನ ಲಯವೇ ಬದಲಾಗುತ್ತದೆ, ಆದ್ದರಿಂದ ನಿದ್ರೆಯಲ್ಲಿದ್ದಾಗಲೇ ಎಣಿಸಬೇಕು. ಹಾಗೆಂದು ಹೇಳಿದ ಕೂಡಲೇ ಮುಂದಿನ ಸಾಲಿನ ಹುಡುಗಿ, "ಅವರನ್ನ ಕೇಳದೆ ಎಣಿಸಬಹುದಾ ಮಿಸ್?" ಎಂದಳು. ಮುಟ್ಟದೆ ಅಳೆಯುವ ಯಂತ್ರಗಳಿಗೆಲ್ಲ ಸಲ್ಲುವ ಪ್ರಶ್ನೆ ಅದು. ಚಿತ್ರ ತೆಗೆಯದಿದ್ದರೂ ರಾಡಾರ್‌ಗೆ ಮನೆಯವರು ಎಷ್ಟು ಹೊತ್ತಿಗೆ ಮಲಗಿದರು, ಎಷ್ಟು ಬಾರಿ ಎದ್ದರು ಎಂಬುದೆಲ್ಲ ತಿಳಿಯುತ್ತದೆ. ತರಗತಿ ಎರಡು ಪಾಲಾಗಿ ಹತ್ತು ನಿಮಿಷ ವಾದಿಸಿತು. ಕೊನೆಗೆ ಅವರೇ ಒಪ್ಪಿಕೊಂಡದ್ದು: ಸಂಜೆ ಅನುಮತಿ ಕೇಳುವುದು, ಯಾವ ರಾತ್ರಿ ಎಣಿಸುತ್ತೇವೆಂದು ಹೇಳದಿರುವುದು, ಬೇಡವೆಂದರೆ ಬಿಡುವುದು. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೊಂದು ಜನ ಲೆಕ್ಕ ತಂದರು. ನಾಲ್ವರ ಮನೆಯಲ್ಲಿ ಬೇಡವೆಂದಿದ್ದರು, ಮೂವರು ಎಣಿಸುತ್ತಾ ತಾವೇ ನಿದ್ರೆ ಹೋಗಿದ್ದರು.